ಗುಂಡಿಯ ಮೇಲೆ ಹಬ್ಬ

ಹಬ್ಬದ ದಿನ ಬೆಳಿಗ್ಗೆ ರಾದಿಸಾವ್ ತನ್ನ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕನ್ನು ಪೂಜೆಗೆ ಬೇಯಿಸಿದ ಗೋಧಿ ತರಲು ಅಟ್ಟಿದ. ಕಾರಣ ಬೇರೇನೂ ಅಲ್ಲ, ಆ ಹಿರಿಯ ಮೆಕ್ಯಾನಿಕ್ ಹೆಂಗಸು. ಪರಾಚಿನ್ ಊರಿನ ಅರ್ಧ ಕಾರುಗಳ ಎಂಜಿನ್ ಬಿಚ್ಚಿ ಕಟ್ಟಿದ ದೆಸಂಕಾ, ಗ್ಯಾರೇಜನ್ನು ಕಾಯುವ ಸಂತ ಇಲಿಯಾನ ಹಬ್ಬ ಬಂತೆಂದರೆ ಅಡುಗೆಯವಳಾಗಿಬಿಡಬೇಕು. ರಾದಿಸಾವ್‌ಗೆ ಬೆಳೆದ ಹೆಣ್ಣುಮಕ್ಕಳು ಇರಲಿಲ್ಲವೇ? ಇದ್ದರು. ಅವರು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು.

"ಗೋಧಿ, ರೊಟ್ಟಿ ಎರಡೂ ನಿನ್ ಕೈಲೇ ಬರ್ಲಿ ದೆಸಂಕಾ. ಇಲ್ಲಿ ಕ್ಲೀನ್ ಮಾಡೋದೆಲ್ಲ ನಾವ್ ನೋಡ್ಕೋತೀವಿ," ಎಂದಿದ್ದ.

ನೋಡ್ಕೋತಾರಂತೆ! ದಾರಿಯುದ್ದಕ್ಕೂ ಆ ಮಾತು ಅವಳ ಹೊಟ್ಟೆ ಉರಿಸಿತು. ಎಣ್ಣೆ ಒರೆಸಿದ ಬಟ್ಟೆ ಹಾಕಲು ಮುಚ್ಚಳವಿರುವ ತಗಡಿನ ಡಬ್ಬ ಬೇಕು, ಗುಂಡಿಯ ಗಾಳಿ ಎಳೆಯುವ ಫ್ಯಾನು ಸತ್ತುಬಿದ್ದಿದೆ, ಪೆಟ್ರೋಲನ್ನು ತೆರೆದ ಬೋಗುಣಿಯಲ್ಲಿ ಇಡಬಾರದು ಎಂದು ವರ್ಷವಿಡೀ ಬಾಯಿ ಬಡಿದುಕೊಂಡಿದ್ದಳು. ಕಾರಿನ ಹೊಟ್ಟೆಯ ಕೆಳಗೆ ನಿಂತು ಕೆಲಸ ಮಾಡುವ ಆ ಗುಂಡಿಯಿಂದ ಒಮ್ಮೆ ತಲೆ ಸುತ್ತಿ ಮೇಲೆ ಬಂದಾಗ ರಾದಿಸಾವ್ ಏನೆಂದ? "ವಯಸ್ಸಾಯ್ತಮ್ಮ ನಿಂಗೆ," ಎಂದು ನಕ್ಕ. ಅದೇ ಮನುಷ್ಯ, ಪಾದ್ರಿ ಬರುತ್ತಾರೆಂದರೆ ಸಾಕು, ಪೊರಕೆ ಹಿಡಿದು ನಿಲ್ಲುತ್ತಾನೆ. ಪಾದ್ರಿಯ ಬೂಟಿಗೆ ಎಣ್ಣೆ ಹತ್ತಬಾರದು. ಕೆಲಸದವರ ಎದೆಗೆ ಏನು ಹತ್ತಿದರೂ ನಡೆಯುತ್ತದೆ.

ಅವಳು ಗೋಧಿಯ ತಟ್ಟೆ, ರೊಟ್ಟಿ ಹಿಡಿದು ನೀಲಿ ಫ್ರಾಕಿನಲ್ಲಿ ಮರಳುವಾಗ ಅಂಗಳದ ತುದಿಯಲ್ಲಿ ಕೆಂಡದ ಮೇಲೆ ಹಂದಿ ಬೇಯುತ್ತಿತ್ತು, ನೆಂಟರು ತುಂಬಿದ್ದರು. ಒಳಗೆ ಕಾಲಿಟ್ಟರೆ ಗ್ಯಾರೇಜು ಹೊಳೆಯುತ್ತಿದೆ! ನೆಲಕ್ಕೆ ಸೋಪು ಬಿದ್ದಿದೆ. ಸ್ಪ್ಯಾನರುಗಳು ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತಾಡುತ್ತಿವೆ. ನಟ್ಟ ನಡುವೆ ರಾದಿಸಾವ್‌ನ ಮನೆಯ ಕೆಂಪು ಜಮಖಾನ, ಅದರ ಮೇಲೆ ಮೇಜು, ಮೇಜಿನ ಮೇಲೆ ವೈನು, ಉರಿಯುತ್ತಿರುವ ಉದ್ದನೆಯ ಮೇಣದಬತ್ತಿ. ಒಂದು ಕ್ಷಣ ಅವಳಿಗೂ ಖುಷಿಯಾಯಿತು. ಮನಸ್ಸು ಮಾಡಿದರೆ ಇವರ ಕೈಲೂ ಆಗುತ್ತದಲ್ಲ ಎಂದುಕೊಂಡಳು.

"ಬಾರಮ್ಮ ಬಾ, ನಿನ್ ಗೋಧಿಗೇ ಕಾಯ್ತಿದ್ವಿ," ಎಂದು ಪಾದ್ರಿ ಮಂತ್ರ ಶುರು ಮಾಡಿದರು.

ತಟ್ಟೆ, ರೊಟ್ಟಿ ಮೇಜಿನ ಮೇಲಿಡಲು ಬಗ್ಗಿದಾಗ ಅವಳ ಮೂಗಿಗೆ ವಾಸನೆ ಹೊಡೆಯಿತು. ಧೂಪ, ಮೇಣ, ಅದರಡಿಯಲ್ಲಿ ಪೆಟ್ರೋಲ್. ನಿನ್ನೆ ಸಂಜೆ ಹಳೆಯ ಕಾರೊಂದರ ಟ್ಯಾಂಕಿನಿಂದ ಇಳಿಸಿದ ಪೆಟ್ರೋಲನ್ನು, ಕೇಳಿದರೂ ಕ್ಯಾನು ಸಿಗದೆ, ಬೋಗುಣಿಯಲ್ಲೇ ಹಿಂದಿನ ಗೋಡೆಯ ಆಚೆ ಬಯಲಲ್ಲಿಟ್ಟು ತಗಡು ಮುಚ್ಚಿದ್ದಳು. ಹಿಂದಿನ ಬಾಗಿಲಿನಿಂದ ಇಣುಕಿದಳು. ಬೋಗುಣಿ ಇಲ್ಲ. ಎಣ್ಣೆ ಬಟ್ಟೆಗಳ ಗುಡ್ಡೆಯೂ ಇಲ್ಲ.

ಜೊತೆ ಕೆಲಸಗಾರ ತಿಹೋಮಿರ್ ಬಿಳಿ ಅಂಗಿ ತೊಟ್ಟು ಗೋಡೆಗೊರಗಿ ನಿಂತಿದ್ದ. ಅವನ ಪಕ್ಕೆಗೆ ತಿವಿದಳು.

"ಪೆಟ್ರೋಲ್ ಬೋಗುಣಿ ಎಲ್ಲೋ?"

"ಯಾವ್ ಬೋಗುಣಿ?"

"ಕತೆ ಹೊಡೀಬೇಡ. ಎಲ್ಲಿಟ್ಟೆ?"

ಅವನ ಕಣ್ಣು ಜಮಖಾನದ ಮೇಲೆ ಇಳಿಯಿತು. "ಇವತ್ತೊಂದಿನ ಯಾರ ಕಣ್ಣಿಗೂ ಬೀಳ್ಬಾರ್ದು ಅಂದ್ರು ಯಜಮಾನ್ರು. ಎಲ್ಲಾ ಗುಂಡಿಗೆ ತಳ್ಳಿ ಹಲಗೆ ಮುಚ್ಚಿದೀವಿ."

ದೆಸಂಕಾಗೆ ಗೊತ್ತಿತ್ತು: ಪೆಟ್ರೋಲಿನ ಆವಿ ಮೇಲೇರಿ ಹೋಗುವುದಿಲ್ಲ, ತಗ್ಗು ಹುಡುಕಿಕೊಂಡು ಇಳಿದು ಅಲ್ಲೇ ತುಂಬಿಕೊಳ್ಳುತ್ತದೆ. ಆಗಸ್ಟಿನ ಸೆಖೆ ಬೇರೆ. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಆ ಹಲಗೆಗಳ ಮೇಲೆಯೇ ಪಾದ್ರಿ ಧೂಪದ ಪಾತ್ರೆ ತೂಗುತ್ತಾ ಮೇಜಿಗೆ ಸುತ್ತು ಬರುತ್ತಿದ್ದಾರೆ, ಪಾತ್ರೆಯ ತುಂಬ ನಿಗಿನಿಗಿ ಕೆಂಡ. ಸುತ್ತ ಒತ್ತೊತ್ತಾಗಿ ಜನ, ತೋಳಲ್ಲಿ ಕೂಸುಗಳು. ಒಂದೇ ಒಂದು ಕಿಡಿ ಆ ಸಂದಿನಲ್ಲಿ ಬಿದ್ದರೆ ಮುಗಿಯಿತು.

ಹಬ್ಬದ ಬತ್ತಿಯನ್ನು ಯಾರೂ ಆರಿಸುವಂತಿಲ್ಲ. ಸಂಜೆಯಾದ ಮೇಲೆ ಯಜಮಾನನೇ ಕೆಂಪು ವೈನು ತೊಟ್ಟಿಕ್ಕಿಸಿ ಆರಿಸಬೇಕು. ನಡುವೆ ಆರಿದರೆ ಮನೆಗೆ ಕೇಡು. ಅದೇ ನಂಬಿಕೆಯಲ್ಲಿ ಬೆಳೆದ ದೆಸಂಕಾಗೆ ಇದು ಗೊತ್ತಿಲ್ಲದ್ದಲ್ಲ. ಮುಂದೆ ಬಂದವಳೇ ಎರಡು ಬೆರಳಿನಿಂದ ಉರಿಯನ್ನು ಹಿಸುಕಿಬಿಟ್ಟಳು.

ಮಂತ್ರ ನಿಂತಿತು.

"ಫಾದರ್, ಆ ಕೆಂಡ ಹೊರಗೆ ತಗೊಂಡ್ಹೋಗಿ. ತೂಗ್ಬೇಡಿ, ಎತ್ತರಕ್ಕೆ ಹಿಡ್ಕೊಳಿ. ನೀವ್ ನಿಂತಿರೋ ಹಲಗೆ ಕೆಳಗೆ ಪೆಟ್ರೋಲ್ ಇದೆ."

ಪಾದ್ರಿ ಅವಳ ಮುಖ ನೋಡಿದರು, ತಮ್ಮ ಕಾಲು ನೋಡಿಕೊಂಡರು, ಪಾತ್ರೆಯನ್ನು ತಲೆಗಿಂತ ಮೇಲೆ ಹಿಡಿದು ಉಸಿರು ಬಿಗಿದು ಹೊರನಡೆದರು. ಉಳಿದವರು ಮಾತ್ರ ಆರಿದ ಬತ್ತಿಯನ್ನೇ ದಿಟ್ಟಿಸುತ್ತಾ ಕಂಬದಂತೆ ನಿಂತಿದ್ದರು.

"ಏನ್ರೀ ನೋಡ್ತಾ ನಿಂತಿದೀರಾ? ಹೊರಗೆ ನಡೀರಿ! ಯಾರೂ ಸಿಗರೇಟ್ ಹಚ್ಬೇಡಿ, ಸ್ವಿಚ್ ಮುಟ್ಬೇಡಿ!"

ಅಂಗಳದಲ್ಲಿ ರಾದಿಸಾವ್ ಅವಳ ಮೇಲೆ ಮುಗಿಬಿದ್ದ. "ನನ್ ಹಬ್ಬದ ಬತ್ತಿ ಆರಿಸ್ಬಿಟ್ಯಲ್ಲೇ! ನಿಂಗೇನ್ ದೆವ್ವ ಹಿಡಿದಿದ್ಯಾ?"

"ಆರಿಸ್ದೆ. ಇಲ್ದಿದ್ರೆ ಇಷ್ಟೊತ್ತಿಗೆ ಛಾವಣಿ ಸಮೇತ ಹಾರಿರ್ತಿದ್ರಿ."

"ಕಿವೀಲಿ ಬಂದು ಹೇಳೋಕಾಗ್ತಿರ್ಲಿಲ್ವಾ? ಇಷ್ಟು ಜನರ ಮುಂದೆ ಮಾನ ಕಳೀಬೇಕಿತ್ತಾ?"

"ಕಿವೀಲಿ ಹೇಳೀ ಹೇಳೀ ನನ್ ಗಂಟಲು ಒಣಗಿದೆ ಯಜಮಾನ್ರೇ! ಒಂದು ಡಬ್ಬ ಕೇಳ್ದೆ, ಫ್ಯಾನ್ ಕೇಳ್ದೆ. ನಮ್ ಜೀವಕ್ಕೆ ಬರ್ದೇ ಇದ್ದ ಪೊರಕೆ ನೆಂಟರಿಗೆ ಹೆಂಗ್ ಬಂತು? ಅದೂ ಸರಿಯಾಗಿ ಗುಡಿಸಿದ್ರಾ? ಕಸಾನ ನಾವ್ ನಿಲ್ಲೋ ಜಾಗಕ್ಕೇ ತುಂಬಿಸಿದ್ರಿ!"

ಪಾದ್ರಿ ನಡುವೆ ಬಂದರು. "ಸಂತ ಇಲಿಯಾ ಆಕಾಶದಲ್ಲಿ ಗುಡುಗೋನಪ್ಪ, ಅವನಿಗೆ ಛಾವಣಿ ಬೇಕಿಲ್ಲ," ಎಂದು ಅಂಗಳದ ಆಚೆ ವಾಲ್‌ನಟ್ ಮರದಡಿ ಬೇರೆ ಬತ್ತಿ ಹಚ್ಚಿ, ರೊಟ್ಟಿ ಕತ್ತರಿಸಿ ಪೂಜೆ ಮುಗಿಸಿದರು. ಜನ ಹಂದಿಮಾಂಸಕ್ಕೆ ಕೂತರು. ದೆಸಂಕಾಳ ಕೈಗೆ ಯಾರೂ ತಟ್ಟೆ ಕೊಡಲಿಲ್ಲ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದದ್ದು ಒಂದೇ ಮಾತು: ಬತ್ತಿ ಆರಿತಲ್ಲ, ಈ ವರ್ಷ ರಾದಿಸಾವ್‌ಗೆ ಏನು ಕಾದಿದೆಯೋ, ಅಯ್ಯೋ ಪಾಪ. ಗುಂಡಿಯ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಒಬ್ಬರ ಬಾಯಲ್ಲೂ! ಅವಳಿಗೆ ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ರಾದಿಸಾವ್ ಮೀಸೆ ಒರೆಸಿಕೊಳ್ಳುತ್ತಾ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಸೋಮವಾರದಿಂದ ನೀನು ಬರೋದ್ ಬೇಡ. ಆ ಹಲಗೆಗಳೂ ಹಂಗೇ ಇರ್ಲಿ. ನೆಂಟರು ಹೋದ್ಮೇಲೆ ಯಾವಾಗಾದ್ರೂ ತೆಗೆದ್ರಾಯ್ತು."

"ಕೆಲಸ ನಿಮ್ದು, ಕಿತ್ಕೊಳಿ. ಗುಂಡಿ ಖಾಲಿಯಾಗ್ದೆ ನಾನು ಇಲ್ಲಿಂದ ಕದಲಲ್ಲ."

ಅವಳು ಹಂದಿ ಬೇಯಿಸಿದ ಕೆಂಡಕ್ಕೆ ನೀರು ಸುರಿದು, ಹೋಗಿ ಗ್ಯಾರೇಜಿನ ಎರಡೂ ಬಾಗಿಲುಗಳನ್ನು ಹಾರುಹೊಡೆದಳು. ಮೇಜನ್ನು ಎತ್ತಿ ಪಕ್ಕಕ್ಕಿಟ್ಟು, ಜಮಖಾನ ಸುತ್ತಿ, ಹಲಗೆಗಳಿಗೆ ಕೈ ಹಾಕಿದಳು. ಗಾಳಿಯಾಡದೆ ಒಳಗಿಳಿಯುವಂತಿರಲಿಲ್ಲ. ಮೊದಲ ಹಲಗೆ ಸರಿಯುತ್ತಲೇ ಕಣ್ಣು ಉರಿಸುವ ವಾಸನೆ ಅಂಗಳದವರೆಗೂ ಹಬ್ಬಿತು. ತಿನ್ನುತ್ತಿದ್ದವರು ಮೂಗು ಮುಚ್ಚಿಕೊಂಡರು. ಎರಡನೆಯ ಹಲಗೆ ಉದ್ದ, ಭಾರ. ಒಬ್ಬಳ ಕೈಲಿ ಏಳಲಿಲ್ಲ. ನೀಲಿ ಫ್ರಾಕು ಮೊಣಕಾಲಿನಲ್ಲಿ ಕಪ್ಪಾಯಿತು. ಅವಳು ಬೈದುಕೊಳ್ಳುತ್ತಾ ಮತ್ತೆ ಎಳೆದಳು.

ತಿಹೋಮಿರ್ ತಿನ್ನುತ್ತಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟ. ಬಿಳಿ ಅಂಗಿ ಬಿಚ್ಚಿ ಕುರ್ಚಿಗೆ ಹಾಕಿ ಗ್ಯಾರೇಜಿನತ್ತ ನಡೆದ.

"ಏಯ್ ತಿಹೋಮಿರ್! ಬಂದ್ ಕೂತ್ಕೋ. ಅದನ್ನ ಮುಟ್ಟು ಅಂತ ನಿಂಗ್ಯಾರೋ ಹೇಳಿದ್ದು?" ರಾದಿಸಾವ್ ಕೂಗಿದ.

ತಿಹೋಮಿರ್ ಬಗ್ಗಿ ಹಲಗೆಯ ಇನ್ನೊಂದು ತುದಿ ಹಿಡಿದ. ಅವನ ದನಿ ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತು.

"ಸೋಮವಾರ ಕೆಳಗೆ ಇಳಿಯೋನು ನಾನು, ಯಜಮಾನ್ರೇ. ನೀವಲ್ಲ."

ಇಬ್ಬರೂ ಸೇರಿ ಹಲಗೆ ಎತ್ತಿದರು.