ಬೆಳ್ಳುಳ್ಳಿ ಸುಲಿಯದ ದಿನ

ನನ್ನಕ್ಕ ನಾಗಲಿಂಗಮ್ಮನಿಗೆ ಗಾಳಿ ಎಂದರೆ ಹಗೆ. ಮಗಳು ಗೀತಾಂಜಲಿ ಹೆರಿಗೆಗೆ ತವರಿಗೆ ಬಂದಾಗಿನಿಂದ ಚಿಗಟೇರಿಯ ಆ ಮನೆಯಲ್ಲಿ ಒಂದು ಕಿಟಕಿಯೂ ಸರಿಯಾಗಿ ತೆರೆದದ್ದಿಲ್ಲ. ನಾನು ಕೊಟ್ಟೂರಿನಿಂದ ಕೂಸು ನೋಡಲು ಹೋದ ದಿನ ಬಾಣಂತಿ ಕೋಣೆಯ ಕಿಟಕಿ ಸಂದಿಗೆ ಹಳೇ ಸೀರೆಯ ಚೂರು ತುರುಕಿದ್ದಳು, ಬಾಗಿಲ ಕೆಳಗೆ ಗೋಣಿಚೀಲ ಒತ್ತರಿಸಿದ್ದಳು. ಒಳಗೆ ಕಾಲಿಡುತ್ತಲೇ ನನಗೆ ಉಸಿರು ಕಟ್ಟಿತು. ಸುಮ್ಮನಿರುವ ಬಾಯಿ ನನ್ನದಲ್ಲ, ಅಂದೇಬಿಟ್ಟೆ.

“ಅಕ್ಕಾ, ಬಾಣಂತಿನ ಮಲಗ್ಸಿಯೋ, ಉಪ್ಪಿನಕಾಯಿ ಹಾಕಿಯೋ?”

“ನೀ ಹಡದಾಗ ಆಸ್ಪತ್ರಿ ಫ್ಯಾನಿನ ಕೆಳಗ ಮಲಗಿದ್ದಿ, ಇವತ್ತಿಗೂ ಸೊಂಟ ಹಿಡ್ಕೊಂಡು ಏಳ್ತಿ ಪುಷ್ಪಾ. ನನ್ನ ಮಗಳಿಗೆ ಆ ಗತಿ ಬ್ಯಾಡ,” ಎಂದಳು ಅಕ್ಕ. ಸೊಂಟ ನೋಯುವುದು ನಿಜ.

ಕೋಣೆಯ ತುಂಬ ಬೆಳ್ಳುಳ್ಳಿ ವಾಸನೆ. ನಮ್ಮ ಕಡೆ ಎದೆಹಾಲು ಇಳಿಯಲೆಂದು ಬಾಣಂತಿಗೆ ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಹುರಿದು ಹೊತ್ತುಹೊತ್ತಿಗೂ ತಿನ್ನಿಸುತ್ತಾರೆ, ಹಾಗಾಗಿ ಅದು ನನಗೆ ವಿಶೇಷವೆನಿಸಲಿಲ್ಲ. ಗೀತಾ ತಲೆಗೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿದರೆ ಸಾಕು ಎದ್ದು ಕೂತು ನಗುವ ಹುಡುಗಿ, ಕಣ್ಣು ತೆರೆಯಲೂ ಕಷ್ಟಪಟ್ಟಳು.

“ತಲಿ ಸಿಡಿಯಾಕತ್ತೈತಿ ಚಿಗವ್ವ. ಎದಿ ಮ್ಯಾಲೆ ಯಾರೋ ಕುಂತಂಗಾಗ್ತೈತಿ.”

“ನಿನ್ನೆಯಿಂದ ವಾಂತಿ ಮಾಡ್ಕೊಳ್ಳಾಕತ್ಯಾಳ. ಸೀತ ಹತ್ತೈತಿ,” ಎಂದಳು ಅಕ್ಕ. “ಯಾರೋ ಬಾಗಲಾ ತಗದಿಟ್ಟು ಹೋಗ್ಯಾರ.” ಹೀಗೆಂದು ಕಿಟಕಿಯ ಸೀರೆಚೂರನ್ನು ಬೆರಳಿನಿಂದ ಇನ್ನಷ್ಟು ಒಳಗೆ ಒತ್ತಿದಳು.

ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡೆ. ಹಸುಗೂಸನ್ನು ನಿದ್ದೆಯಿಂದ ಎತ್ತಿದರೆ ಮುಖ ಕಿವುಚುತ್ತದೆ, ಕಾಲು ಝಾಡಿಸುತ್ತದೆ. ಇದು ಹಸಿಬಟ್ಟೆಯ ಹಾಗೆ ನನ್ನ ಕೈಯಲ್ಲಿ ಜೋತುಬಿತ್ತು. ಉಸಿರು ಬೇಗಬೇಗ ಆಡುತ್ತಿತ್ತು, ತುಟಿ ಸುತ್ತಲಿನ ಬಣ್ಣ ಸರಿಯಿರಲಿಲ್ಲ. ನನಗೆ ಭಯವಾಯಿತು.

“ಇದು ಹಾಲು ಕುಡದಿದ್ದು ಯಾವಾಗ?”

“ನಿನ್ನೆ ಸಂಜಿ. ಬರೇ ನಿದ್ದಿ ಮಾಡ್ತೈತಿ. ಬಂಗಾರದಂಥ ಕೂಸು, ಒಂಚೂರೂ ಅಳಂಗಿಲ್ಲ.”

ಹಸಿದ ಕೂಸು ಅಳುವುದಿಲ್ಲವೆಂದರೆ ಅದರಲ್ಲಿ ಸಂತೋಷಪಡುವುದು ಏನಿದೆ? ನನ್ನ ತಲೆಯೂ ಭಾರವಾಗತೊಡಗಿತ್ತು. ಭಯವಾದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಅಕ್ಕನ ಮೇಲೆಯೇ ತಿರುಗಿತು.

“ಇಬ್ಬರಿಗೂ ಹೊಟ್ಟಿ ಕೆಟ್ಟಿದ್ದು ನಿನ್ನ ಬೆಳ್ಳುಳ್ಳಿಯಿಂದ. ಎಷ್ಟು ತಿನ್ಸಿಯಬೇ? ಗ್ವಾಡಿಗ್ವಾಡಿಯೆಲ್ಲ ನಾರಾಕತ್ತಾವ.”

ಅಕ್ಕ ಮುಖ ಊದಿಸಿಕೊಂಡಳು. “ಬಾಯಿಗೆ ಬಂದಂಗ ಮಾತಾಡಬ್ಯಾಡ. ವಾಂತಿ ಆಗ್ತೈತಂತ ಒಂದು ಎಸಳೂ ಕೊಟ್ಟಿಲ್ಲ. ಇವತ್ತು ಮನ್ಯಾಗ ಬೆಳ್ಳುಳ್ಳಿ ಸುಲದೇ ಇಲ್ಲ.”

ಹಾಗಾದರೆ ವಾಸನೆ ಎಲ್ಲಿಯದು? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ತಲೆಯೆತ್ತಿದೆ. ಪಕ್ಕದ ಕೋಣೆಗೂ ಇದಕ್ಕೂ ನಡುವಿನ ಗೋಡೆ ಮೇಲಿನ ತಗಡಿನ ತನಕ ಹೋಗಿರಲಿಲ್ಲ, ನಡುವೆ ಮೊಳದಷ್ಟು ತೆರವಿತ್ತು. ಗಾಳಿ ಬರುವ ಸಂದನ್ನೆಲ್ಲ ಮುಚ್ಚಿದ್ದ ಅಕ್ಕ ಇದೊಂದನ್ನು ಬಿಟ್ಟಿದ್ದಳು, ಏಕೆಂದರೆ ಅಲ್ಲಿಂದ ಬರುವುದು ಮನೆಯೊಳಗಿನದೇ ಗಾಳಿ.

ಕೂಸನ್ನು ಎದೆಗವುಚಿಕೊಂಡು ಹೊರಗೆ ಓಡಿದೆ. ಅಕ್ಕನ ಗಂಡ ಹಾಲಸ್ವಾಮಿ ಕಾಳಿನ ವ್ಯಾಪಾರಿ. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು.

“ಭಾವಾ, ಪಕ್ಕದ ಕ್ವಾಣ್ಯಾಗ ಏನಿಟ್ಟೀರಿ?”

“ಮೆಕ್ಕೆಜೋಳ. ಗೋದಾಮು ತುಂಬಿತ್ತು, ಉಳಿದ ಚೀಲ ಇಲ್ಲಿ ಹಾಕ್ಸೀನಿ. ಮಳಿಗೆ ತೊಯ್ದು ಹುಳ ಬಿದ್ದಿದ್ವು. ಮೊನ್ನೆ ಗುಳಿಗಿ ಇಟ್ಟು ತಾಡಪಾಲು ಮುಚ್ಚೀನಿ. ಯಾಕವ್ವ?”

“ಬಾಣಂತಿ ಮಗ್ಗಲಿಗೆ ವಿಷದ ಗುಳಿಗಿ ಇಟ್ರೇನ್ರಿ?”

“ನುಂಗಿದ್ರ ವಿಷ. ಅದಕ್ಕ ಯಾರ ಕೈಗೂ ಸಿಗಬಾರದಂತ ಬೀಗ ಹಾಕೀನಲ್ಲ,” ಎಂದರು. ತಾವು ಮಾಡಿದ್ದು ಎಚ್ಚರಿಕೆಯ ಕೆಲಸವೆಂದೇ ಅವರು ನಂಬಿದ್ದರು.

ಆ ಗುಳಿಗೆಯನ್ನು ಯಾರೂ ನುಂಗಬೇಕಿಲ್ಲ. ತೇವ ತಾಗಿದರೆ ಸಾಕು, ಪುಡಿಯಾಗುತ್ತ ಕಣ್ಣಿಗೆ ಕಾಣದ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ, ಅದರ ವಾಸನೆ ಬೆಳ್ಳುಳ್ಳಿಯ ಹಾಗೆಯೇ ಇರುತ್ತದೆ. ಇದನ್ನು ಹರಪನಹಳ್ಳಿಯ ಡಾಕ್ಟರು ನಮಗೆ ಹೇಳಿದ್ದು ಆಮೇಲೆ. ಆಗ ನನಗೆ ತಿಳಿದದ್ದು ಇಷ್ಟೇ, ಗೀತಾ ಆ ಕೋಣೆಯಿಂದ ಈಗಲೇ ಹೊರಗೆ ಬರಬೇಕು.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. “ಹಸಿ ಬಾಣಂತಿ ಅದಾಳ. ಹೊರಗ ಗಾಳಿ ಬೀಸಾಕತ್ತೈತಿ. ಸನ್ನಿ ಆದ್ರ ಯಾರು ಹೊಣಿ?”

“ನಾನ ಹೊಣಿ. ಅತ್ತ ಸರಿ.”

ಅವಳು ಸರಿಯಲಿಲ್ಲ. ಹುಟ್ಟಿದಾಗಿನಿಂದ ಬಾಯಿಮಾತಿನಲ್ಲಿ ಜಗಳವಾಡಿದ್ದೇನೆಯೇ ಹೊರತು ಅಕ್ಕನ ಮೈಮುಟ್ಟಿದವಳಲ್ಲ. ಅವತ್ತು ಕೂಸನ್ನು ಹಿಂದೆಯೇ ಬಂದಿದ್ದ ಭಾವನ ಕೈಗೆ ಕೊಟ್ಟು, ಅವಳ ಭುಜ ಹಿಡಿದು ನೂಕಿದೆ. ಗೋಡೆಗೆ ಬಡಿದು ಕೂತಳು. ನಾನು ಗೀತಾಳ ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದು ತಂದೆ.

ಪಕ್ಕದ ಮನೆಯವರ ಕಾರಿನಲ್ಲಿ ಹರಪನಹಳ್ಳಿಗೆ ಹೊರಟೆವು. ಕೂಸು ನನ್ನ ತೊಡೆಯ ಮೇಲಿತ್ತು. ಒಳ್ಳೆಯ ಗಾಳಿ ಕುಡಿದರೆ ಚೇತರಿಸಿಕೊಳ್ಳುತ್ತದೆಂದು ಕಾರಿನ ಗಾಜು ಇಳಿಸಿ ಅದರ ಮುಖವನ್ನು ಹೊರಗಿನ ಗಾಳಿಗೆ ಒಡ್ಡಿದೆ. ಅಕ್ಕ ಈ ಸಲ ತನ್ನ ಕಡೆಯ ಗಾಜನ್ನೂ ಇಳಿಸಿದಳು. ಹರಪನಹಳ್ಳಿ ಇನ್ನೂ ದೂರವಿರುವಾಗಲೇ ಆ ಪುಟ್ಟ ಎದೆ ಏರಿಳಿಯುವುದು ನಿಂತಿತು. ಯಾರಿಗೂ ಹೇಳದೆ ಹಾಗೆಯೇ ಹಿಡಿದುಕೊಂಡು ಕೂತೆ.

ಮಾರನೆಯ ದಿನ ಮಧ್ಯಾಹ್ನ ಗೀತಾ ಆಸ್ಪತ್ರೆಯ ಮಂಚದ ಮೇಲೆ ಕಣ್ಣುಬಿಟ್ಟಳು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವಳ ರವಿಕೆಯ ಎದೆ ತೊಯ್ದಿತ್ತು. ಕೈಯಿಂದ ಮುಟ್ಟಿ ನೋಡಿಕೊಂಡು, ನಿತ್ರಾಣದಲ್ಲೇ ನಕ್ಕಳು.

“ಅವ್ವಾ, ಹಾಲು ಸೋರಾಕತ್ತೈತಿ. ಕೂಸು ಹಸದಿರ್ತೈತಿ, ಕೊಡ್ರಿ.”

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ಭಾವ ಹೊರಗಿನ ಬೆಂಚಿನಿಂದ ಏಳಲೇ ಇಲ್ಲ. ಮಂಚದ ಬಳಿ ಉಳಿದವಳು ನಾನೊಬ್ಬಳೇ. ಗೀತಾ ಎರಡೂ ಕೈಗಳನ್ನು ನನ್ನ ಕಡೆಗೆ ಚಾಚಿದಳು.