ಬೆಳಗಿದ ಗುಂಡು

ನನಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಯಜಮಾನರು ಯಾವಾಗಲೂ ಅನ್ನುತ್ತಿದ್ದರು. ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಗನ್ ಹೊಡೆಯುವುದನ್ನು ಕಲಿಯಲು ಹೋಗಿದ್ದೂ ಆ ಕೋಪದಿಂದಲೇ. ಅವರ ತಿಥಿಯ ದಿನ, ಊಟದೆಲೆ ಇನ್ನೂ ಎತ್ತಿರಲಿಲ್ಲ, ಮೈದುನ ಯಶವಂತ ಪಕ್ಕಕ್ಕೆ ಬಂದು ಕೂತ.

"ಅತ್ತಿಗೆ, ಅಣ್ಣನ ರಿವಾಲ್ವರ್ ಸ್ಟೇಷನ್‌ನಲ್ಲೇ ಇದೆ. ಮನೆತನದ್ದು ಅದು. ಹೆಂಗಸ್ರಿಗ್ಯಾಕೆ, ನನ್ನ ಹೆಸ್ರಿಗೆ ಮಾಡಿಸ್ಕೋತೀನಿ, ಒಂದು ಸೈನ್ ಹಾಕ್ಬಿಡಿ."

"ನಿಮ್ಮಣ್ಣನ ಮೇಲೆ ಹಾಕಿರೋ ಮಣ್ಣು ಆರ್ಲಿ ಮೊದ್ಲು," ಅಂದೆ. "ಅದು ನನ್ನ ಹೆಸ್ರಿಗೇ ಬರುತ್ತೆ."

ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದೆ. ಆಮೇಲೆ ವಕೀಲರು ಹೇಳಿದರು, ಲೈಸೆನ್ಸು ಹೆಂಡತಿಯ ಹೆಸರಿಗೆ ಬರಬೇಕಾದರೆ ಅವಳು ಗುಂಡು ಹೊಡೆಯಲು ಕಲಿತ ಸರ್ಟಿಫಿಕೇಟು ಬೇಕು ಎಂದು. ಯಶವಂತನ ಮುಂದೆ ಸೋಲುವ ಜಾಯಮಾನ ನನ್ನದಲ್ಲ. ಹೋಗಿ ಸೇರಿಕೊಂಡೆ.

ಆದರೆ ಕೋಪ ಅರ್ಧ ಮಾತ್ರ. ಇನ್ನರ್ಧವನ್ನು ನಾನು ಯಾರಿಗೂ ಹೇಳಿರಲಿಲ್ಲ. ನನ್ನನ್ನೂ ಮಗಳನ್ನೂ ಬಿಟ್ಟು ಹೋಗಲು ಅವರಿಗೆ ಹೇಗೆ ಮನಸ್ಸು ಬಂತು, ಗನ್ನಿನ ಆ ಕುದುರೆ, ಆ ಟ್ರಿಗರು, ಎಳೆಯಲು ಎಷ್ಟು ಗಟ್ಟಿ ಮನಸ್ಸು ಬೇಕು, ಅದನ್ನು ನನ್ನ ಬೆರಳಿನಲ್ಲೇ ನೋಡಬೇಕಿತ್ತು.

ಅವರು ಹೋಗಿದ್ದು ಆಯುಧಪೂಜೆಯ ದಿನ. ಬ್ಯಾಟರಾಯನಪುರದಲ್ಲಿ ನಮ್ಮ ಹೊಲವಿದ್ದ ಜಾಗದಲ್ಲೇ ಕಟ್ಟಿದ ನಾಲ್ಕು ಅಂತಸ್ತಿನ ಮನೆ ನಮ್ಮದು. ಪೂಜೆಯಾಯಿತು, ಕಾರಿಗೆ ನಿಂಬೆಹಣ್ಣು ಇಟ್ಟಾಯಿತು, ಬೂದುಗುಂಬಳ ಒಡೆದಾಯಿತು. ಅಷ್ಟರಲ್ಲಿ ನನ್ನ ಮಗಳು ಚೈತ್ರಳಿಗೆ ವಿಷಯ ತಿಳಿಯಿತು. ಅವಳು ಫಿಸಿಯೋಥೆರಪಿ ಓದಿದವಳು. ಕೆಳಗಿನ ಮಳಿಗೆ ನಿನ್ನ ಕ್ಲಿನಿಕ್ಕಿಗೇ ಎಂದು ಅಪ್ಪ ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಅದನ್ನು ಯಶವಂತನ ಮಾತು ಕೇಳಿ ಒಂದು ಬ್ರಾಂದಿ ಅಂಗಡಿಗೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದರು. ಮಗಳಿಗೂ ನನ್ನದೇ ಮೂಗು. ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ ನಿಂತು, "ಅಪ್ಪಾ, ನೀನು ಇದ್ರೆಷ್ಟು, ಸತ್ರೆಷ್ಟು," ಅಂದಳು.

ಅವರು ಎದ್ದರು. ಪೂಜೆಗೆ ಇಟ್ಟಿದ್ದ ರಿವಾಲ್ವರನ್ನು ಕುಂಕುಮದ ಸಮೇತ ಎತ್ತಿಕೊಂಡು ಟೆರೇಸಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಊಟಕ್ಕೆ ಕರೆಯಲು ನಾನು ಮೆಟ್ಟಿಲು ಹತ್ತಿದೆ. ಕೊನೆಯ ತಿರುವಿನಲ್ಲಿದ್ದಾಗ ಟಕ್ ಎಂದು ಒಂದು ಸದ್ದು ಕೇಳಿತು. ಟೆರೇಸಿನ ಬಾಗಿಲ ಚಿಲಕ ಅಂದುಕೊಂಡೆ. ಆಮೇಲೆ ಅವರ ದನಿ, "ಅರೆ." ಅದರ ಹಿಂದೆಯೇ ಗುಂಡಿನ ಸದ್ದು. ಗುಂಡು ಅವರ ಕಣ್ಣಿಗೇ ಹೊಕ್ಕಿತ್ತು.

ಗನ್ ಒರೆಸುವಾಗ ಆದ ಆಕಸ್ಮಿಕ ಎಂದು ಪೊಲೀಸರ ಕಾಗದದಲ್ಲಿ ಬಂತು. ಹಬ್ಬದ ದಿನ ರೇಷ್ಮೆಪಂಚೆ ಉಟ್ಟುಕೊಂಡು ಟೆರೇಸಿನ ಮೇಲೆ ನಿಂತು ಯಾರು ಗನ್ ಒರೆಸುತ್ತಾರೆ? ಊರಿನವರೇನು ಕಿವಿಯಲ್ಲಿ ಹೂ ಇಟ್ಟುಕೊಂಡಿದ್ದಾರೆಯೇ? ಎಲ್ಲರೂ ಒಂದೇ ಮಾತು ಅಂದರು, ಮಗಳು ಅಂದಿದ್ದಕ್ಕೆ ಅಶ್ವತ್ಥ್ ಹಾಗೆ ಮಾಡಿಕೊಂಡ ಎಂದು. ಅವಳ ಎದುರಿಗೆ ಅನ್ನಲಿಲ್ಲ, ಅವಳಿಗೆ ಕೇಳುವಷ್ಟು ದೂರದಲ್ಲಿ ನಿಂತು ಅಂದರು. ಆ "ಅರೆ"ಯ ವಿಷಯ ನಾನು ಯಶವಂತನಿಗೆ ಹೇಳಿದೆ. ಸಾಯೋರು ಏನಾದ್ರೂ ಅಂತಾರೆ ಬಿಡಿ ಅತ್ತಿಗೆ ಅಂದ.

ಅವತ್ತಿನಿಂದ ಚೈತ್ರ ಅಳಲಿಲ್ಲ. ಅತ್ತಿದ್ದರೆ ನನಗೆ ಧೈರ್ಯವಿರುತ್ತಿತ್ತು. ಕೆಲಸ ಬಿಟ್ಟಳು. ಕೇಳಿದ್ದಕ್ಕೆಲ್ಲ ಹೂಂ ಅನ್ನುವಳು. ತಟ್ಟೆಯ ಮುಂದೆ ಕೂತು ಎರಡು ತುತ್ತು ಮುಟ್ಟಿ ಏಳುವಳು. ನಾಲ್ಕು ತಿಂಗಳಲ್ಲಿ ನನ್ನ ಮಗಳ ಕೈಬಳೆ ಮೊಣಕೈವರೆಗೆ ಜಾರತೊಡಗಿತ್ತು. ಗಂಡನಂತೂ ಹೋದ, ಇವಳೂ ನನ್ನ ಕಣ್ಣೆದುರಿಗೇ ಕೈಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆಯಲ್ಲಿ ನಾನು ಬಚ್ಚಲಿಗೆ ಹೋದರೂ ಬೇಗ ಬರುತ್ತಿದ್ದೆ.

ಗುಂಡು ಹೊಡೆಯಲು ಕಲಿಸುವ ಜಾಗ ಇದ್ದದ್ದು ಸೋಲದೇವನಹಳ್ಳಿಯ ಆಚೆ. ಕಲಿಸುವವರು ಮುಜಫ್ಫರ್, ಮಿಲಿಟರಿಯಿಂದ ನಿವೃತ್ತರಾದವರು, ಮೆಲ್ಲಗೆ ಮಾತಾಡುವ ಮನುಷ್ಯ. ನಾನು ಮೊದಲ ದಿನವೇ, ನಮ್ಮ ಮನೆಯದು ಪಾಯಿಂಟ್ ಥರ್ಟಿಟು, ಅದರ ಗುಂಡೇ ಕೊಡಿ, ಮಕ್ಕಳಾಟ ನನಗೆ ಬೇಡ ಎಂದೆ.

"ಅಮ್ಮಾ, ಕಲಿಯೋರಿಗೆ ಪಾಯಿಂಟ್ ಟೂಟೂನೇ ಸರಿ," ಅಂದರು. ಕಿರುಬೆರಳಿಗಿಂತ ಸಣ್ಣ ಗುಂಡೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. "ದೊಡ್ಡದು ಕೈ ಜಗ್ಗುತ್ತೆ, ಸದ್ದು ಜಾಸ್ತಿ. ಒಂದ್ಸಲ ಹೆದರಿಕೆ ಕೂತ್ರೆ ಕೈ ಮತ್ತೆ ನೆಟ್ಟಗಾಗಲ್ಲ. ಇದ್ರಲ್ಲಿ ಕೈ ಕೂರ್ಲಿ, ಆಮೇಲೆ ಅದು."

ಎರಡು ವಾರ ಖಾಲಿ ಗನ್ನಿನಲ್ಲೇ ಅಭ್ಯಾಸ ಮಾಡಿಸಿದರು. ಮೂತಿ ಯಾವಾಗಲೂ ಗುರಿಹಲಗೆಯ ಕಡೆಗೆ, ಬೆರಳು ಕುದುರೆಯ ಹೊರಗೆ. ಗುಂಡು ಆರಿಸುವುದನ್ನೂ ಅಷ್ಟೇ ನಿಧಾನವಾಗಿ ಹೇಳಿಕೊಟ್ಟರು. ಗನ್ನಿನ ಮೇಲೆ ಬರೆದ ಅಳತೆಯೂ ಡಬ್ಬಿಯ ಮೇಲಿನ ಅಳತೆಯೂ ಒಂದೇ ಇರಬೇಕು. ಡಬ್ಬಿ ಯಾವ ವರ್ಷದ್ದು ನೋಡಬೇಕು. ಬಿಡಿ ಗುಂಡು ಮುಟ್ಟಲೇಬಾರದು.

"ಹೊಳಪು ನೋಡಿ ಆರಿಸ್ಬೇಡಿ," ಎಂದರು ಒಂದು ದಿನ. "ಹೊಸ ಗುಂಡೂ ಮಂಕಾಗಿರಬಹುದು. ಹಳೇದಾ ಅಂತ ಬೆಂಡೆಕಾಯಿ ಥರ ಮುರಿದು ನೋಡೋಕಾಗಲ್ಲ ಅಮ್ಮಾ."

ನಾನು ನಕ್ಕೆ. ಯಜಮಾನರು ಹೋದ ಮೇಲೆ ನಾನು ನಕ್ಕಿದ್ದು ಅವತ್ತೇ ಇರಬೇಕು.

ಮೂರನೆಯ ವಾರ ಗುಂಡು ತುಂಬಿಸಿ ಹೊಡೆಸಿದರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಮೊದಲ ಮೂರು ಗುಂಡು ಹಲಗೆಯ ಅಂಚಿಗೆ ಬಿದ್ದವು. ಕುದುರೆ ಎಳೆಯಲು ಏನೂ ಮನಸ್ಸು ಬೇಡ ಎಂದು ಗೊತ್ತಾಯಿತು, ನಲ್ಲಿ ತಿರುಗಿಸುವುದು ಇದಕ್ಕಿಂತ ಕಷ್ಟ. ಅದನ್ನು ತಿಳಿದು ನನಗೆ ಇನ್ನೂ ಸಂಕಟವಾಯಿತು. ನಾಲ್ಕನೆಯದಕ್ಕೆ ಕುದುರೆ ಎಳೆದೆ. ಟಕ್ ಅಂದಿತು. ಗುಂಡು ಹಾರಲಿಲ್ಲ.

"ಅರೆ," ಅಂದೆ. ಏನಾಯಿತು ನೋಡೋಣ ಎಂದು ಗನ್ನನ್ನು ನನ್ನ ಕಡೆಗೆ ತಿರುಗಿಸಿದೆ.

ಮುಜಫ್ಫರ್ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದು ಮುಂದಕ್ಕೆ ತಳ್ಳಿತು. ಯಜಮಾನರು ಹೋದ ಮೇಲೂ ನಾನು ತೆಗೆಯದಿದ್ದ ಬಳೆಗಳು ಒಡೆದು ಕೆಳಗೆ ಬಿದ್ದವು.

"ಮೂತಿ ಮುಂದಕ್ಕೇ," ಅಂದರು, ಕಿವಿಯ ಹತ್ತಿರ. "ಅಲ್ಲಾಡ್ಬೇಡಿ. ಕೆಲವು ಗುಂಡು ತಡವಾಗಿ ಹೊತ್ಕೊಳುತ್ತೆ. ಮೂವತ್ತು ಎಣಿಸಿ."

ನಾನು ಎಣಿಸತೊಡಗಿದೆ. ಒಂದು, ಎರಡು, ಮೂರು. ಹನ್ನೊಂದಕ್ಕೆ ಬರುವಾಗ ಅವತ್ತಿನ ಮೆಟ್ಟಿಲ ಮೇಲೆ ನಿಂತಿದ್ದೆ. ಟಕ್. ಅರೆ. ಆಮೇಲೆ ಸದ್ದು. ಅದು ಚಿಲಕವಲ್ಲ. ಸಾಯಲು ಹೊರಟವನು ಅರೆ ಅನ್ನುವುದಿಲ್ಲ, ಅಂದುಕೊಂಡದ್ದು ಆಗದವನು ಅನ್ನುತ್ತಾನೆ. ಸುತ್ತ ರಾಗಿಹೊಲ ಇದ್ದ ಕಾಲದಲ್ಲಿ ಅವರು ಆಯುಧಪೂಜೆಗೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಿದ್ದರು. ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಬಿಟ್ಟಿದ್ದರು, ಹತ್ತು ವರ್ಷವೇ ಆಗಿತ್ತು, ಅದು ನಮಗ್ಯಾರಿಗೂ ನೆನಪಾಗಲಿಲ್ಲ. ಮಗಳ ಮಾತಿಗೆ ಉರಿದು, ಸದ್ದಾದರೂ ಮಾಡೋಣ ಎಂದು ಮೇಲೆ ಹೋಗಿದ್ದಾರೆ. ಹಾರಲಿಲ್ಲ. ತಿರುಗಿಸಿ ನೋಡಿದ್ದಾರೆ. ಅಯ್ಯೋ ದೇವರೇ, ನನ್ನ ಮಗಳು ಸುಮ್ಮಸುಮ್ಮನೆ ಸಾಯುತ್ತಿದ್ದಾಳೆ.

ಮೂವತ್ತಾದ ಮೇಲೆ ಗನ್ ಕೆಳಗಿಟ್ಟೆ. ಮುಜಫ್ಫರ್ ನೀರು ಕೊಟ್ಟರು. ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು.

"ಖಂಡಿತ ಅಂತ ನಾನು ಹೇಳೋ ಹಾಗಿಲ್ಲ. ಆದ್ರೆ ನೀವು ಹೇಳಿದ್ದು ಅದೇ ಥರ ಇದೆ."

"ಗುಂಡು ಯಾಕೆ ಹಂಗೆ ತಡ ಮಾಡುತ್ತೆ ಮೇಷ್ಟ್ರೇ?"

"ತಳದಲ್ಲಿ ಒಂದು ಬಿಲ್ಲೆ ಇದೆ ನೋಡಿ, ಅದ್ರೊಳಗಿನ ಮದ್ದಿಗೆ ತೇವ ಹೊಕ್ಕಿರುತ್ತೆ. ನೀರು, ಎಣ್ಣೆ. ಒಂದೊಂದ್ಸಲ ಪೂರ್ತಿ ಸಾಯುತ್ತೆ, ಒಂದೊಂದ್ಸಲ ಹೊಗೆಯಾಡಿ ಹೊತ್ಕೊಳುತ್ತೆ. ಮನೇಲಿ ಗುಂಡು ಎಲ್ಲಿಡ್ತಿದ್ರಿ?"

ಬೀರುವಿನಲ್ಲಿ ಎಂದಷ್ಟೇ ಹೇಳಿ ಎದ್ದೆ.

ನಮ್ಮ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಹಿತ್ತಾಳೆ ಸಾಮಾನನ್ನೆಲ್ಲ ನಾನೇ ಬೆಳಗುವುದು. ದೀಪದ ಕಂಬ, ಗಂಟೆ, ಆರತಿ ತಟ್ಟೆ. ಆ ಸಲ ಪೂಜೆಗಿಡುವ ಗುಂಡುಗಳು ಬೀರುವಿನಲ್ಲಿ ಕಪ್ಪಿಟ್ಟು ಹೋಗಿದ್ದವು. ದೇವರ ಮುಂದೆ ಹೀಗೇ ಇಡುವುದೇ ಎಂದುಕೊಂಡೆ. ಹುಣಸೆಹಣ್ಣಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಉಪ್ಪು ಹಚ್ಚಿ ತಿಕ್ಕಿ, ದೀಪಗಳ ಪಕ್ಕದಲ್ಲೇ ಬಿಸಿಲಿಗೆ ಇಟ್ಟೆ. ಒಣಗಿದ ಮೇಲೆ ಹೊಳಪು ನಿಲ್ಲಲಿ ಎಂದು ಕೊಬ್ಬರಿ ಎಣ್ಣೆ ಸವರಿದೆ. ಆರು ಗುಂಡು. ಬೀರುವಿನಲ್ಲಿ ಹೊಸ ಡಬ್ಬಿಯೂ ಇತ್ತು. ಯಜಮಾನರು ತಟ್ಟೆ ನೋಡಿ, "ಚಿನ್ನದಂಗೆ ಒಳೀತವೆ ಕಣಮ್ಮಿ, ಇವನ್ನೇ ತುಂಬುಸ್ತೀನಿ," ಅಂದಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಆಟೋ ಹಿಡಿದು ಬ್ಯಾಟರಾಯನಪುರಕ್ಕೆ ಬರುವವರೆಗೂ ಒಂದೇ ಲೆಕ್ಕಾಚಾರ. ಗುಂಡು ಹಳೆಯದಿತ್ತು ಎಂದರೆ ಸಾಕು, ಹುಣಸೆಹಣ್ಣಿನ ಸುದ್ದಿ ಯಾಕೆ? ಮಗಳೂ ಉಳಿಯುತ್ತಾಳೆ, ನಾನೂ ಉಳಿಯುತ್ತೇನೆ. ನನಗೆ ಆ ಬುದ್ಧಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಚೈತ್ರ ಊಟದ ಮೇಜಿನ ಮುಂದೆ ಕೂತಿದ್ದಳು. ಬೆಳಿಗ್ಗೆ ಮಾಡಿಟ್ಟು ಹೋಗಿದ್ದ ಮುದ್ದೆ ಮುಚ್ಚಿದ ಹಾಗೇ ಇತ್ತು. ನಾನು ಚಪ್ಪಲಿಯನ್ನೂ ಬಿಡದೆ ಹೇಳಿದೆ. ಟಕ್ ಎಂದು ಕೇಳಿದ್ದು, ಅರೆ ಅಂದದ್ದು, ಗುಂಡು ಹಳೆಯದಾಗಿದ್ದರೆ ತಡವಾಗಿ ಹಾರುತ್ತದೆ ಎಂಬುದು.

"ಸಮಾಧಾನಕ್ಕೆ ಹೇಳ್ಬೇಡ ಅಮ್ಮ," ಅಂದಳು. "ಬೀರುನಲ್ಲಿ ಹೊಸ ಡಬ್ಬಿ ಇತ್ತು. ನಾನೇ ನೋಡಿದೀನಿ. ಹೊಸದು ಬಿಟ್ಟು ಹಳೇದ್ಯಾಕೆ ಹಾಕ್ತಾನೆ ಅಪ್ಪ?"

ಅವಳ ಕಣ್ಣು ಮತ್ತೆ ತಟ್ಟೆಗೆ ಹೋಯಿತು. ಆ ಕಣ್ಣು ಹಾಗೆ ಇಳಿದದ್ದನ್ನು ನೋಡಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ.

"ನಾನು ಅವನ್ನ ಹುಣಸೆಹಣ್ಣಲ್ಲಿ ಬೆಳಗಿದ್ದೆ ಕಣೆ," ಅಂದೆ. "ರಾತ್ರಿಯೆಲ್ಲ ನೆನೆಹಾಕಿದ್ದೆ. ಎಣ್ಣೆ ಸವರಿದ್ದೆ. ಹೊಳೀತವೆ ಅಂತ ನಿಮ್ಮಪ್ಪ ಅವನ್ನೇ ತುಂಬಿಸ್ಕೊಂಡ್ರು. ನೀನು ಅಂದಿದ್ದಕ್ಕೆ ಸತ್ತಿದ್ದಲ್ಲ. ನನ್ನ ಕೈಯಿಂದ ಸತ್ತಿದ್ದು."

ಚೈತ್ರ ತಟ್ಟೆಯಿಂದ ಕಣ್ಣೆತ್ತಿದಳು. ಅವತ್ತಿನ ಬಿಸಿಲು ಅವಳಿಗೆ ನೆನಪಾಗುತ್ತಿರುವುದು ನನಗೆ ಕಾಣುತ್ತಿತ್ತು.

"ನೀನು ದೀಪದ ಪಕ್ಕ ಇಟ್ಟಿದ್ದೆ," ಅಂದಳು. "ನಾನು ಬಟ್ಟೆ ಒಣಹಾಕೋಕೆ ಹೋದಾಗ ದಾಟ್ಕೊಂಡ್ ಹೋದೆ. ಒದ್ದೆ ಇದ್ವು."

"ಹೂಂ."

"ಅಪ್ಪ ಅರೆ ಅಂದ್ನಾ, ನಿಜವಾಗ್ಲೂ?"

"ನಿಜವಾಗ್ಲೂ."

ಆಗ ಅತ್ತಳು. ನಾಲ್ಕು ತಿಂಗಳದ್ದನ್ನು ಒಂದೇ ಸಲ, ಮೇಜಿಗೆ ಹಣೆ ಹಚ್ಚಿ, ಅಪ್ಪಾ ಅಪ್ಪಾ ಎಂದು ಅತ್ತಳು. ನಾನು ಅವಳ ಬೆನ್ನು ಸವರಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡೆ.

ಆಮೇಲೆ ಮುಖ ತೊಳೆದುಕೊಂಡು ಬಂದು, "ಸಾರು ಬಿಸಿ ಮಾಡ್ತೀಯಾ ಅಮ್ಮ, ಹಸಿವಾಗ್ತಿದೆ," ಅಂದಳು. ಬಿಸಿ ಮಾಡಿ ಬಡಿಸಿದೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದಳು, ಇನ್ನೊಂದು ಸೌಟು ಹಾಕಿಸಿಕೊಂಡಳು. ತಣ್ಣಗಿದ್ದ ಇನ್ನೊಂದು ಮುದ್ದೆಯನ್ನೂ ಹಾಕಿಸಿಕೊಂಡಳು. ಅರ್ಧ ಉಂಡ ಮೇಲೆ ನನ್ನ ಕಡೆ ನೋಡಿ, "ನೀನೂ ಉಣ್ಣಮ್ಮ," ಅಂದಳು.

ಒಂದು ತಟ್ಟೆ ಹಾಕಿಕೊಂಡು ಅವಳ ಎದುರಿಗೆ ಕೂತೆ. ಸಾರಿನಿಂದ ಹುಣಸೆಹಣ್ಣಿನ ವಾಸನೆ ಬಂತು. ಬೆಳಿಗ್ಗೆ ನಾನೇ ಕಿವುಚಿ ಹಾಕಿದ್ದು. ಎರಡು ತುತ್ತು ಮುಟ್ಟಿ ಎದ್ದೆ.