ಕಟ್ಟಿದ ಮೂಗಿನ ಪ್ರಾಣಾಯಾಮ

ಬಸ್ ಚಾಲಕನ ಎಡಮೂಗು ಕಟ್ಟಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಇವತ್ತೂ ರಕ್ತದೊತ್ತಡ ಹೆಚ್ಚಿದ್ದರೆ ಸ್ಟೀರಿಂಗ್ ಬಿಡಿಸಿ ಡಿಪೋ ಆಫೀಸಿನಲ್ಲಿ ಕೂರಿಸುವುದಾಗಿ ಮೇಲಿನವರು ಹೇಳಿದ್ದರು. ಅದನ್ನು ತಗ್ಗಿಸಲೆಂದೇ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಪ್ರಾಣಾಯಾಮಕ್ಕೆ ಕೂತಿದ್ದ. ಪಕ್ಕದಲ್ಲಿ ಹೆಂಡತಿಯೇ ಗುರು.

"ಬಲಗಡೆ ಮುಚ್ಚಿ, ಎಡಗಡೆ ಉಸಿರೆಳ್ಕೊಳ್ಳಿ."

"ಎಡಗಡೆ ಕಟ್ಟಿದೆ ಕಣೇ."

"ಮನಸ್ಸಿದ್ರೆ ಬರುತ್ತೆ. ನಮ್ಮಣ್ಣ ದಿನಾ ಮಾಡಲ್ವಾ?"

"ನಿಮ್ಮಣ್ಣಂಗೆ ಉಸಿರಾಡೋದು ಬಿಟ್ರೆ ಬೇರೆ ಏನು ಕೆಲಸ ಇದೆ?"

"ಕಾಲು ಕುಣಿಸ್ಬೇಡಿ. ಮುಖ ಆಗ್ಲೇ ಕೆಂಪಾಯ್ತು. ಶಾಂತವಾಗಿರಿ ಅಂದ್ರೆ ಶಾಂತವಾಗಿರ್ಬೇಕು."

ಅವನು ಹಲ್ಲು ಕಚ್ಚಿಕೊಂಡು ಶಾಂತನಾದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ನರ್ಸ್ ತೋಳಿಗೆ ಪಟ್ಟಿ ಸುತ್ತುತ್ತಿದ್ದಾಗ ಹೆಂಡತಿ ಬಾಗಿಲಿನಿಂದ ಇಣುಕಿ, "ಎಡಗಡೆ, ಎಡಗಡೆ" ಎಂದಳು.

ಅಂಕಿ ಕಳೆದ ಸಲಕ್ಕಿಂತ ಹೆಚ್ಚು ಬಂತು. ಸೋಮವಾರ ಅವನ ಬಸ್ಸನ್ನು ಬೇರೆಯವರು ಓಡಿಸಿದರು.